ಧ್ವನಿಮುದ್ರಿಕಾ ಕವಚ ಮೀಮಾಂಸೆ

ಧ್ವನಿಮುದ್ರಿಕೆಯ ರಟ್ಟಿನ ಹೊದಿಕೆಯು ಒಳಗಿನ ತಟ್ಟೆಯನ್ನು ಧೂಳಿನಿಂದಲೂ ಗೀರಿನಿಂದಲೂ ಕಾಪಾಡುವುದಕ್ಕಾಗಿ ಹುಟ್ಟಿತೆಂದು ಲೌಕಿಕರು ನಂಬಿರುವರು. ಇದು ಪೂರ್ವಪಕ್ಷ. ಆಂಗ್ಲ ಮತ್ತು ಅಮೆರಿಕ ದೇಶಗಳ ಕವಚಕಾರರು ಕಳೆದ ಶತಮಾನದಲ್ಲಿ ನಿರ್ಮಿಸಿದ ಲಕ್ಷ್ಯಗಳನ್ನು ಪಕ್ಷಪಾತವಿಲ್ಲದೆ ಪರಿಶೀಲಿಸಿದವರಿಗಾದರೋ, ಗಾನವು ಶ್ರೋತೃವಿನ ಕಿವಿಗೆ ಸುಲಭವಾಗಿ ತಲಪದಂತೆ ನೋಡಿಕೊಳ್ಳುವುದೇ ಕವಚದ ಪರಮ ಪ್ರಯೋಜನವೆಂಬ ಸಿದ್ಧಾಂತವು ತಾನಾಗಿಯೇ ಹೊಳೆಯುವುದು.

ಆದಿಯಲ್ಲಿ ಹೀಗಿರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ನಾಲ್ಕೈದು ನಿಮಿಷಕ್ಕಿಂತ ಹೆಚ್ಚಿನ ಸಂಗೀತವು ಹಿಡಿಯದಿದ್ದ ಕಾಲದಲ್ಲಿ, ಒಂದು ಸಿಂಫನಿಯನ್ನು ಪೂರ್ತಿಯಾಗಿ ಕೇಳಬೇಕೆನ್ನುವವನು, ಹಲವು ತಟ್ಟೆಗಳನ್ನು ಕಾಗದದ ಚೀಲಗಳಲ್ಲಿರಿಸಿ ಪುಸ್ತಕದಂತೆ ಕಟ್ಟಿದ ಆಲ್ಬಮ್ಮನ್ನು ಕೊಳ್ಳಬೇಕಾಗಿದ್ದಿತು. ಅದರ ರಟ್ಟು ಕಂದೋ ಬೂದೋ ಆಗಿದ್ದು, ಆ ವೃತ್ತಿಯವರೇ ಅದನ್ನು ಗೋರಿಕಲ್ಲೆಂದು ಹಾಸ್ಯಮಾಡುತ್ತಿದ್ದರು. ನೋಡುವುದಕ್ಕೆ ಏನೂ ಇಲ್ಲದುದರಿಂದ ಜನರು ವಿಧಿಯಿಲ್ಲದೆ ಕೇಳುತ್ತಿದ್ದರು. ಈ ಅನರ್ಥವನ್ನು ನಿವಾರಿಸಿದ ಮಹನೀಯನು ಕೊಲಂಬಿಯ ಕಂಪನಿಯ ಅಲೆಕ್ಸ್ ಸ್ಟೈನ್‌ವೈಸ್. ಈತನು 1940ರಲ್ಲಿ ರಾಡ್ಜರ್ಸ್ ಮತ್ತು ಹಾರ್ಟ್ ಎಂಬವರ ಗೀತಗಳ ಆಲ್ಬಮ್ಮಿಗಾಗಿ, ನ್ಯೂಯಾರ್ಕಿನ ನಾಟಕಶಾಲೆಯೊಂದರ ದೀಪಫಲಕದ ಅಕ್ಷರಗಳನ್ನೇ ಬದಲಾಯಿಸಿಸಿ, ಅದರ ಛಾಯಾಚಿತ್ರವನ್ನು ರಟ್ಟಿನ ಮೇಲೆ ಏರಿಸಿದನು. 1948ರಲ್ಲಿ 12 ಅಂಗುಲದ ಎಲ್‌ಪಿ ಅವತರಿಸಿತಾಗಿ, ಚಿತ್ರಕಾರನಿಗೆ ಒಂದು ಅಡಿ ಚೌಕದ ಸಾಮ್ರಾಜ್ಯವೇ ದಕ್ಕಿತು.

ಮುಂದೆ ಈ ಶಾಸ್ತ್ರದಲ್ಲಿ ಎರಡು ಪ್ರಸ್ಥಾನಗಳು ತಲೆದೋರಿದುವು. ನಿರ್ಗುಣವಾದಿಯಾದ ರಿಚರ್ಡ್ ಹ್ಯಾಮಿಲ್ಟನ್ನನು 1968ರಲ್ಲಿ ಬೀಟಲ್ಸ್ ತಂಡದ ಆಲ್ಬಮ್ಮಿಗೆ ಶುದ್ಧ ಶ್ವೇತವರ್ಣದ ರಟ್ಟನ್ನು ವಿಧಿಸಿ, ತಂಡದ ಹೆಸರನ್ನು ಬಣ್ಣವಿಲ್ಲದೆ ಉಬ್ಬಿಸಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆಯನ್ನು ಹಾಕಿಸಿದನು. ನಾಮರೂಪಗಳನ್ನು ತ್ಯಜಿಸಿದುದಕ್ಕೆ ಲೆಕ್ಕವೇತಕ್ಕೆಂದು ಕೇಳುವವರು ವಾಣಿಜ್ಯವನ್ನರಿಯರು. ಸಗುಣವಾದಿಗಳಾದ ಹಿಪ್ನೋಸಿಸ್ ಸಂಸ್ಥೆಯವರು 1970ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ಆಟಮ್ ಹಾರ್ಟ್ ಮದರ್’ ಮುದ್ರಿಕೆಗಾಗಿ ಲಂಡನ್ನಿನ ಹೊರಗಣ ಹಳ್ಳಿಗಾಡಿಗೆ ಹೋಗಿ, ಮೊದಲು ಕಣ್ಣಿಗೆ ಬಿದ್ದ ಹಸುವಿನ ಚಿತ್ರವನ್ನು ತೆಗೆದು ತಂದರು. ಹೊರಮೈಯಲ್ಲಿ ತಂಡದ ಹೆಸರಾಗಲಿ ಕೃತಿಯ ಹೆಸರಾಗಲಿ ಇಲ್ಲ. ಹಸುವೊಂದೇ ಕತ್ತು ತಿರುಗಿಸಿ, ಕೊಳ್ಳುವವನನ್ನು ನಿರ್ಲಿಪ್ತವಾಗಿ ನೋಡುತ್ತಿರುವುದು. ಅದಕ್ಕೂ ಒಳಗಣ ಗಾನಕ್ಕೂ ಇರುವ ಸಂಬಂಧವು ಅನಿರ್ವಚನೀಯವಾದುದರಿಂದ ನಾವು ವಿಚಾರಿಸಹೋಗುವುದಿಲ್ಲ. ಆದರೆ ಆ ಮುದ್ರಿಕೆಯು ಬ್ರಿಟನ್ನಿನ ಮಾರಾಟಪಟ್ಟಿಯ ಅಗ್ರಸ್ಥಾನವನ್ನು ಪಡೆಯಿತೆಂಬುದನ್ನು, ಗೋದರ್ಶನಫಲದಲ್ಲಿ ಶ್ರದ್ಧೆಯಿಲ್ಲದವರ ಗಮನಕ್ಕೆ ತರುವುದು ನಮ್ಮ ಕರ್ತವ್ಯ.

ಇಷ್ಟರವರೆಗೆ ಕವಚವು ಗಾನವನ್ನು ಮರೆಸಿತೇ ಹೊರತು ಹಿಂಸಿಸಲಿಲ್ಲ. ಆ ಪುರುಷಾರ್ಥವನ್ನು ಸಾಧಿಸಿದುದು 1971ರ ‘ಸ್ಟಿಕಿ ಫಿಂಗರ್ಸ್’. ಆಂಡಿ ವಾರ್ಹಾಲನ ಕಲ್ಪನೆಯಂತೆ ರೋಲಿಂಗ್ ಸ್ಟೋನ್ಸರ ಈ ಮುದ್ರಿಕೆಯ ಹೊದಿಕೆಯಲ್ಲಿ ಷರಾಯಿಯ ಚಿತ್ರದ ಮೇಲೆ ನಿಜವಾದ ಜಿಪ್ಪನ್ನು ಕೂರಿಸಲಾಗಿ, ಒಂದರ ಮೇಲೊಂದು ಪೇರಿಸಿದಾಗ ಅದು ತಟ್ಟೆಗಳನ್ನು ಒತ್ತಿ ಕೆಡಿಸಿತು. ಜಿಪ್ಪನ್ನು ಅರ್ಧಕ್ಕೆ ಎಳೆದಿಟ್ಟು, ಆ ಒತ್ತು ಹಾಡಿಲ್ಲದ ನಡುಭಾಗದ ಚೀಟಿಯ ಮೇಲೆ ಬೀಳುವಂತೆ ಮಾಡಿದ ಪರಿಹಾರವನ್ನು ನಾವು ಪಾಂಡಿತ್ಯಕ್ಕೆ ತಕ್ಕುದಲ್ಲದ ದೌರ್ಬಲ್ಯವೆಂದೇ ಎಣಿಸುತ್ತೇವೆ. ಪಬ್ಲಿಕ್ ಇಮೇಜ್ ಲಿಮಿಟೆಡ್ ತಂಡದವರು ಇಂಥ ರಾಜಿಗೆ ಒಪ್ಪಲಿಲ್ಲ. 1979ರ ‘ಮೆಟಲ್ ಬಾಕ್ಸ್’ ಎಂಬುದರಲ್ಲಿ ಮೂರು ತಟ್ಟೆಗಳನ್ನು ಸಿನಿಮಾ ಸುರುಳಿಯ ಲೋಹದ ಡಬ್ಬಿಯೊಳಗೆ ಬಿಗಿಯಾಗಿ ತುರುಕಿದ್ದರು. ಡಬ್ಬಿಯ ತಳದ ಕಡೆಯ ಹಪ್ಪಳವನ್ನು ಮುರಿಯದೆ ಎತ್ತಬಲ್ಲ ಗೃಹಿಣಿಗಲ್ಲದೆ ಇತರರಿಗೆ ಅವನ್ನು ಗೀರಿಲ್ಲದೆ ಹೊರತೆಗೆಯುವುದು ದುಸ್ಸಾಧ್ಯ. ಮಾರನೆಯ ವರುಷ ಮ್ಯಾಂಚೆಸ್ಟರಿನ ಫ್ಯಾಕ್ಟರಿ ಸಂಸ್ಥೆಯು ಡುರುಟಿ ಕಾಲಮ್ ತಂಡದ ಮುದ್ರಿಕೆಗೆ, ಬಡಗಿಗಳು ಮರವನ್ನು ನುಣುಪುಮಾಡುವ ಉಪ್ಪುಕಾಗದವನ್ನೇ ಹೊದಿಸಿತು. ಅದನ್ನು ಕಪಾಟಿನಲ್ಲಿ ಸೇರಿಸಿದ ಮಾತ್ರಕ್ಕೆ ಅಕ್ಕಪಕ್ಕದ ಕವಚಗಳೆಲ್ಲ ತರಚಿಹೋಗುವುವು. ಸ್ವಮತಸ್ಥಾಪನೆಯೂ ಪರಮತಖಂಡನೆಯೂ ಒಂದೇ ಗ್ರಂಥದಲ್ಲಿ ಇಷ್ಟು ಸಂಕ್ಷೇಪವಾಗಿ ಸಿದ್ಧಿಸಿದ ನಿದರ್ಶನವು ನಮ್ಮ ಭಾಷ್ಯಕಾರರಲ್ಲಿಯೂ ವಿರಳ.

ಸಿಡಿಯ ಕಾಲದ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. 12 ಸೆಂಟಿಮೀಟರಿನ ತಟ್ಟೆಯನ್ನು ಅಮೆರಿಕದವರು 12 ಅಂಗುಲ ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹಳೆಯ ಎಲ್‌ಪಿ ಕಪಾಟುಗಳಿಗೆ ಹೊಂದಿಸಿ ಮಾರುತ್ತಿದ್ದರು. 1993ರಲ್ಲಿ ಕಾಗದ ವ್ಯರ್ಥವಾಗುವುದೆಂಬ ಕ್ಷುದ್ರಕಾರಣದಿಂದ ಆ ಉದಾರಪದ್ಧತಿಯು ನಿಂತುಹೋಯಿತು.

ಸಿದ್ಧಾಂತಕ್ಕೆ ಇನ್ನೂ ಪ್ರಮಾಣವನ್ನು ಬಯಸುವವರು ಪೂರ್ವೋಕ್ತ ಶ್ವೇತಕವಚದ ಮೊದಲನೆಯ ಸಂಖ್ಯೆಯ ಪ್ರತಿಯ ವೃತ್ತಾಂತವನ್ನು ಅವಲೋಕಿಸಬಹುದು. ಬೀಟಲ್ಸರ ಡೋಲುವಾದಕನಾದ ರಿಂಗೋ ಸ್ಟಾರನ ಪಾಲಿಗೆ ಬಂದ ಆ ಪ್ರತಿಯನ್ನು ಆತನು ಬ್ಯಾಂಕಿನ ಭದ್ರಕೋಶದಲ್ಲಿ ದಶಕಗಳ ಕಾಲ ಇರಿಸಿದ್ದು, 2015ರ ಹರಾಜಿನಲ್ಲಿ ಅದು 7,90,000 ಡಾಲರುಗಳಿಗೆ ಮಾರಾಟವಾಯಿತು. ಕೊಂಡವರು ಅದನ್ನು ಯಂತ್ರದ ಮೇಲಿಟ್ಟು ಕೇಳಿದರೋ ಎಂದು ವಿಚಾರಿಸುವಷ್ಟು ಅರಸಿಕರು ನಮ್ಮ ಓದುಗರಲ್ಲಿ ಯಾರೂ ಇರಲಾರರು.