ಅಡೇನಿಯಂ ಕಲ್ಯಾಣ

ಸಕ್ಯುಲೆಂಟ್ ಸಾಕುವವರಲ್ಲಿ ಸೋಮಾರಿಗಳೇ ಹೆಚ್ಚು ಎಂಬುದು ನನ್ನ ಬಹುದಿನದ ಗುಮಾನಿ. ಕಾಡುಬಸಳೆಯ ಎಲೆ ಮಣ್ಣಿಗೆ ಬಿದ್ದರೆ ಸಾಕು, ಅಂಚಿನುದ್ದಕ್ಕೂ ಮರಿಗಳೇಳುತ್ತವೆ. ಲೋಳೆಸರ ಯಾರೂ ಕೇಳದಿದ್ದರೂ ಬುಡದಲ್ಲಿ ಮರಿ ಹಾಕಿ ಕುಂಡ ತುಂಬಿಸುತ್ತದೆ. ಜೇಡ್ ಗಿಡದ ಟೊಂಗೆ ಮುರಿದು ಚುಚ್ಚಿ ಮರೆತರೂ ನಡೆಯುತ್ತದೆ. ಮರೆತರೆ ಇನ್ನೂ ಚೆನ್ನಾಗಿ ನಡೆಯುತ್ತದೆ. ಹೀಗಿರುವಾಗ ಇಂಥ ಗಿಡದ ಬೀಜ ಹಿಡಿದು ಸಸಿ ಎಬ್ಬಿಸಲು ಹೊರಡುವವರು ಒಂದೋ ನಿವೃತ್ತರಾಗಿರಬೇಕು, ಇಲ್ಲವೇ ಅವರಿಗೆ ಅಡೇನಿಯಂ ಹುಚ್ಚು ಹಿಡಿದಿರಬೇಕು. ನನಗಿನ್ನೂ ನಿವೃತ್ತಿಯಾಗಿಲ್ಲ.

ನರ್ಸರಿಯವರು ಡೆಸರ್ಟ್ ರೋಸ್ ಎನ್ನುವುದು ಇದನ್ನೇ. ಹೆಸರು ಬಂದದ್ದು ಏಡನ್‌ನಿಂದ. ತವರು ಆಫ್ರಿಕಾ ಮತ್ತು ಅರಬ್ ಸೀಮೆ. ನಮ್ಮ ಕಣಗಿಲೆ, ಎಕ್ಕಗಳ ಕುಟುಂಬದ್ದೇ, ಹಾಗಾಗಿ ಹಾಲೂ ವಿಷ. ಆಫ್ರಿಕಾದ ಬೇಟೆಗಾರರು ಅದನ್ನು ಬಾಣದ ತುದಿಗೆ ಸವರುತ್ತಿದ್ದರು. ಈ ಗಿಡದ ನಿಜವಾದ ಚೆಲುವಿರುವುದು ಹೂವಿನಲ್ಲಲ್ಲ, ಹೊಟ್ಟೆಯಲ್ಲಿ. ಬುಡ ಉಬ್ಬಿ ಡೊಳ್ಳಾದಷ್ಟೂ ಬೆಲೆ ಜಾಸ್ತಿ. ಟೊಂಗೆ ನೆಟ್ಟರೂ ಬೇರು ಬಿಡುತ್ತದೆ, ಆದರೆ ಅಂಥ ಡೊಳ್ಳು ಬರುವುದು ಬೀಜದಿಂದ ಹುಟ್ಟಿದ್ದಕ್ಕೇ. ನಮ್ಮ ಮನೆಯಲ್ಲಿ ಯಾವ ಆರೈಕೆಯೂ ಇಲ್ಲದೆ ಆ ಭಾಗ್ಯ ಪಡೆದವರೊಬ್ಬರಿದ್ದಾರೆ. ಅವರ ಹೆಸರು ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ.

ಬೀಜ ಬೇಕೆಂದರೆ ಮೊದಲು ಮದುವೆ ಮಾಡಿಸಬೇಕು. ನಮ್ಮ ತಾರಸಿಗೆ ಬರುವ ಜೇನ್ನೊಣಗಳು ಅಡೇನಿಯಂ ಹೂವಿನ ಬಾಗಿಲಲ್ಲೇ ಸುತ್ತಾಡಿ ವಾಪಸ್ಸಾಗುತ್ತವೆ. ಹೂವಿನ ಕೊಳವೆಯ ತಳದಲ್ಲಿ ಐದು ಕೇಸರಗಳು ಒತ್ತಾಗಿ ಸೇರಿ ಗೋಪುರ ಕಟ್ಟಿ, ಪರಾಗವನ್ನು ಅದರೊಳಗೇ ಬಚ್ಚಿಟ್ಟಿರುತ್ತವೆ. ಆದ್ದರಿಂದ ಕೊಳವೆಯನ್ನು ಉಗುರಿನಲ್ಲಿ ಸೀಳಿ, ಗೋಪುರದ ಸಂದು ಬಿಡಿಸಿ, ಸೊನ್ನೆ ನಂಬರಿನ ಬ್ರಷ್ಷಿನ ತುದಿಗೆ ಹಳದಿ ಪುಡಿ ಹತ್ತಿಸಿಕೊಂಡು, ಉಸಿರು ಬಿಗಿಹಿಡಿದು ಇನ್ನೊಂದು ಗಿಡದ ಹೂವಿನ ಸಂದಿಗೆ ತೂರಿಸಬೇಕು. ಇನ್ನೊಂದು ಗಿಡವೇ ಆಗಬೇಕು. ತನ್ನದೇ ಪರಾಗಕ್ಕೆ ಇದು ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಸಗೋತ್ರದ ಬಗ್ಗೆ ಇಷ್ಟು ಕಟ್ಟುನಿಟ್ಟು ಈಗ ಪುರೋಹಿತರಲ್ಲೂ ಕಾಣೆ. ಪಕ್ಕದ ಮನೆಯವರು ನಮ್ಮ ಗಿಡದ ಟೊಂಗೆಯಿಂದ ಬೆಳೆಸಿಕೊಂಡದ್ದೂ ಲೆಕ್ಕಕ್ಕಿಲ್ಲ. ಮನೆ ಬದಲಾದರೂ ಗೋತ್ರ ಅದೇ.

ಸಂಬಂಧ ಕೂಡಿಬಂದರೆ ಕಾಯಿ ಜೋಡಿಯಾಗಿ ಬಿಡುತ್ತದೆ. ಬಲಿಯಲು ಎರಡು-ಮೂರು ತಿಂಗಳು. ಅಷ್ಟರಲ್ಲಿ ಅದಕ್ಕೆ ದಾರ ಸುತ್ತಿರಬೇಕು, ಇಲ್ಲದಿದ್ದರೆ ಒಂದು ಮಧ್ಯಾಹ್ನದ ಬಿಸಿಲಿಗೆ ಕಾಯಿ ಬಿರಿದು ಬೀಜವೆಲ್ಲ ಗಾಳಿಪಾಲು. ಎಕ್ಕದ ಬೀಜಕ್ಕೆ ಒಂದೇ ಜುಟ್ಟು. ಇದಕ್ಕೆ ಎರಡೂ ತುದಿಗೆ ಹೊಂಬಣ್ಣದ ಜುಟ್ಟು. ನಾನು ಕೆಂಪು ದಾರ ಸುತ್ತುತ್ತಿದ್ದಾಗ ಬಟ್ಟೆ ಒಣಹಾಕಲು ಬಂದ ಅತ್ತೆ ಸ್ವಲ್ಪ ಹೊತ್ತು ನೋಡಿ, "ಗಿಡಕ್ಕೆ ಯಾಕಮ್ಮಾ ಹರಕೆ ಕಟ್ತಿದ್ದೀಯಾ?" ಎಂದು ಕೇಳಿದರು. "ಬೀಜ ಹಾರಿಹೋಗಬಾರದು ಅಂತ ಅತ್ತೆ" ಎಂದೆ. "ಹಾಗಾದ್ರೆ ಹರಕೇನೇ" ಎಂದು ತೀರ್ಪು ಕೊಟ್ಟು ಕೆಳಗಿಳಿದರು.

ಒಂದು ಕಾಯಲ್ಲಿ 50-60 ಬೀಜ ಸಿಗುವುದುಂಟು. ಬಿತ್ತನೆಯಲ್ಲಿ ಅಂಥ ವಿದ್ಯೆಯೇನಿಲ್ಲ: ಜುಟ್ಟು ಕತ್ತರಿಸಿ, ಕೆಲವು ಗಂಟೆ ನೀರಲ್ಲಿ ನೆನೆಸಿ, ಕೊಕೊಪೀಟ್ ಮತ್ತು ಮರಳಿನ ಮೇಲೆ ಅಡ್ಡಡ್ಡ ಮಲಗಿಸಿ, ತೆಳ್ಳಗೆ ಮುಚ್ಚುವುದು. ನೆನೆಸಿದ ಬಟ್ಟಲನ್ನು ಮಾತ್ರ ಅಡುಗೆಮನೆಯಲ್ಲಿ ಇಡಬೇಡಿ. ಜುಟ್ಟು ಹೋದ ಮೇಲೆ ಬೀಜ ಜೀರಿಗೆಯ ಹತ್ತಿರದ ನೆಂಟನ ಹಾಗಿರುತ್ತದೆ, ಬೆಳಗಿನ ಗಡಿಬಿಡಿಯಲ್ಲಿ ಒಗ್ಗರಣೆಗೆ ಬಿದ್ದೀತು. ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಕಾದ ಮೊಳೆಯಿಂದ ತೂತು ಮಾಡಿದರೆ ಒಳ್ಳೆಯ ಸಸಿಮಡಿ. ಆ ನೆಪದಲ್ಲಿ ಮೈಸೂರುಪಾಕು ತರಿಸುವುದೂ ತೋಟಗಾರಿಕೆಯ ಖರ್ಚೇ.

ಬೀಜ ಹೊಸದಾಗಿದ್ದರೆ, ಹವೆ ಬೆಚ್ಚಗಿದ್ದರೆ, ವಾರದೊಳಗೆ ಮೊಳಕೆ. ಎರಡು ದಪ್ಪ ಎಲೆ, ಕೆಳಗೆ ಆಗಲೇ ಗುಂಡಗಾದ ಪುಟ್ಟ ಕಾಂಡ: ಹುಟ್ಟುವಾಗಲೇ ಡೊಳ್ಳು! ಆಮೇಲೆ ಡಬ್ಬಿಯ ಮುಚ್ಚಳ ತೆಗೆದಿಡಬೇಕು. ಮುದ್ದಿನಿಂದ ನೀರೆರೆಯುತ್ತ ಹೋದರೆ ಬೆಳಿಗ್ಗೆ ನೆಟ್ಟಗಿದ್ದ ಸಸಿ ಸಂಜೆಗೆ ಬುಡ ಕೊಳೆತು ಅಡ್ಡ ಮಲಗುತ್ತದೆ. ಬಾಯಾರಿಸಿ ಕೊಂದವರಿಗಿಂತ ನೀರು ಕುಡಿಸಿ ಕೊಂದವರೇ ನಮ್ಮಲ್ಲಿ ಜಾಸ್ತಿ.

ಇಷ್ಟೆಲ್ಲ ಆಗಿ ಹೂ ಬಿಟ್ಟಾಗ ಅದರ ಬಣ್ಣ ಅಪ್ಪನದೂ ಅಲ್ಲ, ಅಮ್ಮನದೂ ಅಲ್ಲದೆ ಇರಬಹುದು. ಅದಕ್ಕೇ ನರ್ಸರಿಯವರು ಬೇಕಾದ ಬಣ್ಣವನ್ನು ಕಸಿ ಕಟ್ಟಿ ಮಾರುತ್ತಾರೆ. ಆನ್‌ಲೈನಿನಲ್ಲಿ ನೀಲಿ ಅಡೇನಿಯಂ ಬೀಜದ ಪೊಟ್ಟಣ ಕಂಡರೆ ದುಡ್ಡು ಜೇಬಲ್ಲೇ ಇರಲಿ. ನೀಲಿ ಹೂವಿನ ಅಡೇನಿಯಂ ಭೂಮಿಯ ಮೇಲಿಲ್ಲ. ಅದು ಬೆಳೆಯುವುದು ಫೋಟೋಶಾಪಿನಲ್ಲಿ ಮಾತ್ರ.

"ಹೂ ಬಿಟ್ಟ ಗಿಡಾನೇ ನರ್ಸರೀಲಿ ಸಿಗತ್ತಲ್ಲೇ, ಇಷ್ಟೊಂದು ಯಾಕೆ ಒದ್ದಾಡ್ತೀಯಾ?" ಎಂದು ಡೊಳ್ಳಿನವರು ಕೇಳುತ್ತಲೇ ಇರುತ್ತಾರೆ. ಹೂವಿನ ಬಣ್ಣ ಮೊದಲೇ ಗೊತ್ತಿರುವ ಗಿಡವನ್ನು ವರ್ಷಗಟ್ಟಲೆ ಕಾಯುವುದರಲ್ಲಿ ಏನು ಸುಖವಿದೆ, ಹೇಳಿ?

ಸದ್ಯ ನನ್ನಲ್ಲಿ ಗುಲಾಬಿ ಮತ್ತು ಕಡುಗೆಂಪು ಬಣ್ಣದವಿವೆ. ನಿಮ್ಮ ಮನೆಯಲ್ಲಿ ಬಿಳಿ ಅಡೇನಿಯಂ ಹೂ ಬಿಟ್ಟಿದ್ದರೆ ದಯವಿಟ್ಟು ತಿಳಿಸಿ. ಕಾಫಿ-ತಿಂಡಿಯ ಉಪಚಾರ ಬೇಡ, ಬ್ರಷ್ ನಾನೇ ತರುತ್ತೇನೆ. ಜಾತಕವನ್ನೂ ಕೇಳುವುದಿಲ್ಲ, ಯಾರ ಮನೆಯ ಟೊಂಗೆ ಎಂದಷ್ಟೇ ಹೇಳಿದರೆ ಸಾಕು.