ಒಂಬತ್ತನೇ ಕಾಲಂ ರೈತ

ನಾನು ರೈತ ಅನ್ನುವುದು ನನಗೆ ನೆನಪಾಗುವುದು ಟಿ.ವಿ.ಯಲ್ಲಿ ಹೆಲಿಕಾಪ್ಟರ್ ಕಂಡಾಗ. 2025ರ ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಮ್ಮ ಕಡೆಯ ನೆರೆಯನ್ನು ಮೇಲಿನಿಂದ ನೋಡಿ, ಖುಷ್ಕಿ ಜಮೀನಿಗೆ ಹೆಕ್ಟೇರಿಗೆ ಈಗಿರುವ 8,500ರ ಮೇಲೆ ಇನ್ನೊಂದು 8,500 ಕೊಡುತ್ತೇವೆ ಅಂದರು. ಆಗ ನಾನು ಕಲಬುರಗಿ ಕೋಟೆಯ ಕಂದಕದ ಮಗ್ಗುಲಿನ ನಮ್ಮ ಮನೆಯಲ್ಲಿ ಸುಸ್ಲಾ ತಿನ್ನುತ್ತಿದ್ದೆ. ತಟ್ಟೆ ಕೆಳಗಿಟ್ಟೆ.

‘ಅಯ್ಯೋ, ನಮ್ಮ ತೊಗರಿ!’

‘ಬರೇ ತೊಗರಿ ಅಲ್ರಿ, ಅರ್ಧಕ್ಕ ಹೆಸರದ’ ಅಂದಳು ಹೆಂಡತಿ. ‘ಹೆಸರು ರಾಶಿಗಿ ಬಂದಾಗ ಮಳಿ ಬಿದ್ದು ಕಾಯಿ ಗಿಡದಾಗೇ ಮೊಳಕಿ ಒಡದಾವ. ತೊಗರಿ ನೀರು ನಿಂತು ಹಳದಿ ಆಗ್ಯಾದ. ಹೋದ ತಿಂಗಳೇ ಹೇಳೀನಿ. ನೀವು ಹೂಂ ಅಂದೀರಿ.’

ಕಮಲಾಪುರದಲ್ಲಿ ಮುತ್ಯಾನ ಕಾಲದ ಮೂರು ಎಕರೆ ಎರೆ ಹೊಲ ನಮ್ಮ ಪಾಲಿಗೆ ಬಂದಿದೆ. ಪಹಣಿಯ 9ನೇ ಕಾಲಂ ಅಂದರೆ ಮಾಲೀಕ. ಅಲ್ಲಿ ನನ್ನ ಹೆಸರಿದೆ. 12ನೇ ಕಾಲಂ ಸಾಗುವಳಿದಾರನದು. ಅಲ್ಲಿ ‘ಸ್ವಂತ’ ಅಂತಿದೆ. ಆ ‘ಸ್ವಂತ’ದ ಹಿಂದೆ ನಮ್ಮ ಕಾಕಾನ ಮಗ, ವರಸೆಯಲ್ಲಿ ತಮ್ಮ, ಇದ್ದಾನೆ. ಅರ್ಧ ಪಾಲಿಗೆ ಬಿತ್ತುವವನು, ಎಡೆ ಹೊಡೆಯುವವನು, ಔಷಧ ಸಿಂಪಡಿಸುವವನು, ಅಳುವವನು ಎಲ್ಲ ಅವನೇ. ನನ್ನ ಕೃಷಿ ಏನಿದ್ದರೂ ಬಾಯಲ್ಲಿ. ಬೆಂಗಳೂರಿನ ನೆಂಟರು ಬಂದರೆ, ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದನ್ನು ನಾನೇ ಬೆವರು ಸುರಿಸಿ ತಂದಂತೆ ಹೇಳುತ್ತೇನೆ. ಅದೇ 2019ರಲ್ಲಿ ಪಿಎಂ ಕಿಸಾನ್ ಬಂದಾಗ, ತಿಂಗಳಿಗೆ 10,000 ಮತ್ತು ಅದಕ್ಕಿಂತ ಹೆಚ್ಚು ಪಿಂಚಣಿ ಇದ್ದವರಿಗೆ ವರ್ಷದ ಆ 6,000 ಇಲ್ಲ ಅಂದುಬಿಟ್ಟರು. ಆ ಗಾಯ ಇನ್ನೂ ಮಾಗಿಲ್ಲ. ಬೆಳೆ ಹಾನಿ ಪರಿಹಾರಕ್ಕೆ ಮಾತ್ರ ಯಾರೂ ಪಿಂಚಣಿ ಕೇಳುವುದಿಲ್ಲ. ಹೊಲ ಮುಳುಗಿರಬೇಕು, ಅಷ್ಟೆ.

ಹಾನಿ ಶೇ 33ಕ್ಕಿಂತ ಕಡಿಮೆಯಿದ್ದರೆ ಕಾಸಿಲ್ಲ. ಅದಕ್ಕೆ ಜಂಟಿ ಸಮೀಕ್ಷೆಯವರು ಬರುವ ದಿನ ನಾನೂ ಹೊಲದಲ್ಲಿ ಇರಬೇಕೆಂದು ನಿರ್ಧರಿಸಿದೆ. ಇಸ್ತ್ರಿ ಮಾಡಿದ ಬಿಳಿ ಧೋತ್ರ ಉಟ್ಟೆ. ಕಮಲಾಪುರದ ಬಸ್ಸಿನಲ್ಲಿ ಹೆಂಡತಿ ಆಧಾರ್ ತೋರಿಸಿ ಕಿಟಕಿಯ ಪಕ್ಕ ಕೂತಳು. 2023ರ ಜೂನಿನಿಂದ, ಶಕ್ತಿ ಯೋಜನೆ ಬಂದ ಮೇಲೆ, ನಮ್ಮ ಮನೆಯ ಕೃಷಿ ಅಧಿಕಾರಿ ಅವಳೇ. ತಿಂಗಳಿಗೆರಡು ಸಲ ಹೋಗಿ ಹೊಲ ನೋಡಿ ಬರುತ್ತಾಳೆ. ನನಗೆ ಟಿಕೇಟು ಬೀಳುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಹೋಗುವುದಿಲ್ಲ ಅಂತ ಎಲ್ಲರಿಗೂ ಹೇಳಿದ್ದೇನೆ.

ಎರೆ ಮಣ್ಣು ಮಾಲೀಕನೋ ಪಾಲಿನವನೋ ಅಂತ ನೋಡುವುದಿಲ್ಲ. ನಾಲ್ಕು ಹೆಜ್ಜೆಗೆ ಎಡಗಾಲಿನ ಚಪ್ಪಲಿ ಒಳಗೇ ಉಳಿಯಿತು. ಅದನ್ನು ಕೀಳಲು ಬಗ್ಗಿದಾಗ ಬಲಗಾಲಿನದೂ ಹೋಯಿತು. ತಮ್ಮ ಬಂದು ಎರಡನ್ನೂ ಗಜ್ಜರಿ ಕಿತ್ತಂತೆ ಕಿತ್ತು ಕೈಗೆ ಕೊಟ್ಟ. ಅಷ್ಟರಲ್ಲಿ ತಲಾಟಿಯವರು ಮೊಬೈಲ್ ಹಿಡಿದು ಬದುವಿನ ಮೇಲೆ ನಿಂತು, ‘ಖಾತೇದಾರ ಯಾರ್ರಿ?’ ಅಂದರು.

ಎರಡೂ ಚಪ್ಪಲಿ ಮೇಲೆತ್ತಿದೆ.

‘ಬಿತ್ತಿದ್ದು ಯಾವಾಗ?’

ನಾನು ಹೆಂಡತಿಯ ಮುಖ ನೋಡಿದೆ. ಅವಳು ಮೋಡ ನೋಡಿದಳು. ‘ಮಳೆಗಾಲದಾಗ’ ಅಂದೆ.

‘ಮಿರಗದಾಗ್ರಿ ಸಾಹೇಬ್ರ’ ಅಂದ ತಮ್ಮ, ಹಿಂದಿನಿಂದ ಮೆಲ್ಲಗೆ.

ಇಷ್ಟಕ್ಕೇ ಮುಗಿಯಲಿಲ್ಲ. ಪಹಣಿಯಲ್ಲಿ ನನ್ನ ಹೆಸರಿನ ತುದಿಗೆ ‘ಅಪ್ಪ’ ಇದೆ, ಆಧಾರ್‌ನಲ್ಲಿ ಇಲ್ಲ. ರೈತ ನೋಂದಣಿಯ ಫ್ರೂಟ್ಸ್ ನಂಬರಿಗೆ ಎರಡೂ ತಾಳೆಯಾಗಬೇಕು. ಆ ಒಂದು ಅಪ್ಪನಿಗಾಗಿ ಮೂರು ಸಲ ಕಮಲಾಪುರಕ್ಕೆ ಅಲೆದೆ. ನಮ್ಮಪ್ಪ ಬದುಕಿದ್ದಾಗ ಅವರಿಗಾಗಿ ನಾನು ಒಂದು ಸಲವೂ ಹೀಗೆ ಓಡಾಡಿದವನಲ್ಲ. ಪ್ರತಿ ಸಲವೂ ಝೆರಾಕ್ಸು, ಚಹಾ, ಭಜಿ, ಬರುವಾಗ ಒಂದು ಡಜನ್ ಕಮಲಾಪುರದ ಕೆಂಪು ಬಾಳೆ. ಇದನ್ನೆಲ್ಲ ಹೆಂಡತಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಳು, ಬಾಳೆಹಣ್ಣಿನ ಕೆಳಗೆ ಮಾತ್ರ ಎರಡು ಗೆರೆ ಎಳೆದು.

ಆಮೇಲೆ ದುಡ್ಡು ಬಂತಂತೆ, ನನ್ನ ಖಾತೆಗೆ ಬರಲಿಲ್ಲ. ಪಿಂಚಣಿ ಪಾಸ್‌ಬುಕ್ ಹಿಡಿದು ಸರ್ಕಾರಕ್ಕೆ ಶಾಪ ಹಾಕುತ್ತಿದ್ದಾಗ ಮಗಳು ಫೋನಿನಲ್ಲಿ ಹೇಳಿದಳು: ‘ಅಪ್ಪಾಜಿ, ಆಧಾರ್ ಕಡೀಕ ಯಾವ ಖಾತೆಗಿ ಜೋಡಿಸೀರಿ, ಅಲ್ಲಿಗೇ ಹೋಗ್ತದ.’ ಕಡೆಗೆ ಜೋಡಿಸಿದ್ದು ಎಲ್ಲಿ? ಟ್ರಂಕಿನ ತಳದ ಪೇಪರಿನಡಿ ಸಿಕ್ಕಿತು ಆ ಪಾಸ್‌ಬುಕ್ಕು. ಹಿಂದೊಮ್ಮೆ ಯಾರದೋ ಒತ್ತಾಯಕ್ಕೆ ತೆರೆದು ಮರೆತ ಖಾತೆ. ಮೂರು ಎಕರೆ ಅಂದರೆ 1.21 ಹೆಕ್ಟೇರ್, 10,285ರಂತೆ ಎರಡು ಕಂತು ಬಿದ್ದಿದ್ದವು. ಬಿದ್ದ ಮರುದಿನವೇ ನಾನು ಕಣ್ಣಲ್ಲೂ ಕಾಣದ ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ ಕಡಿತವಾಗಿತ್ತು.

‘ಸಲೀಸಾತು ನೋಡ್ರಿ’ ಅಂದಳು ಹೆಂಡತಿ. ‘ಮೊದಲನೇ ಕಂತು ಬಿತ್ತಿದವರದು. ಎರಡನೇದು ನಮ್ಮದು.’

‘ಪಾಲು ಬೆಳಿಗಿ, ಪರಿಹಾರಕ್ಕಲ್ಲ. 9ನೇ ಕಾಲಂ ನನ್ನದು.’

‘ಬೀಜ, ಗೊಬ್ಬರ, ಆಳು ಯಾರ ಕಾಲಮಿನ್ಯಾಗ ಅದಾವ? ನೀವು ಈ ಕೋಟ್ಯಾಗಿನ ಬಾರಾ ಗಜ್ ತೋಪು ಇದ್ದಂಗ. ಇಪ್ಪತ್ತೊಂಬತ್ತು ಅಡಿ ಉದ್ದ, ಮಂದಿ ಬಂದು ಫೋಟೊ ತಗೊಂಡು ಹೋಗ್ತಾರ. ಹಾರಿದ್ದು ಯಾರೂ ನೋಡಿಲ್ಲ.’

ಫ್ರಿಜ್ಜಿಗೆಂದು ನಾನು ಮನಸ್ಸಿನಲ್ಲೇ ಜಾಗ ಅಳೆದಿಟ್ಟಿದ್ದೆ. ಇನ್ನೊಂದು ಮಾತು ಹುಡುಕುತ್ತಿದ್ದಾಗಲೇ ಬಾಗಿಲಲ್ಲಿ ‘ವೈನೀ’ ಅನ್ನುವ ದನಿ. ತಮ್ಮ. ಹೆಗಲ ಮೇಲೆ ಅರ್ಧ ಚೀಲ. ಮಳೆಗೆ ಕಪ್ಪಾದ ಹೆಸರಿನಲ್ಲಿ ಆರಿಸಿ ಉಳಿದದ್ದು.

‘ಅಣ್ಣಾ, ನಿನ್ನ ಪಾಲು. ಗಂಜಿನ್ಯಾಗ ಇದಕ್ಕ ಯಾರೂ ರೇಟ್ ಕೊಡಂಗಿಲ್ಲ. ಮನಿಗಿ ಆಗ್ತದ.’

ಪರಿಹಾರದ ಸುದ್ದಿಯನ್ನು ಅವನು ಎತ್ತಲೇ ಇಲ್ಲ. ನನಗೆ ಟಿ.ವಿ.ಯ ಕಡೆ ತಿರುಗುವುದೇ ಸುಲಭವಾಯಿತು. ಹೆಂಡತಿ ನೀರು ಕೊಟ್ಟು, ರೊಟ್ಟಿ, ಪುಂಡಿಪಲ್ಯ ಬಡಿಸಿ, ಉಂಡ ಮೇಲೆ ನೋಟು ಎಣಿಸಿ ಅವನ ಮುಂದಿಟ್ಟಳು. 10,285. ಅವನು ಬೇಡ ಬೇಡ ಅಂದ. ಅವಳು ಕಣ್ಣು ಬಿಟ್ಟಳು. ತೆಗೆದುಕೊಂಡ. ಎಣಿಸಿದ. ಮೇಲಿನ ಇನ್ನೂರ ಎಂಬತ್ತೈದು ತೆಗೆದು ನನ್ನ ಅಂಗೈಗೆ ಇಟ್ಟ.

‘ಇದು ಬಸ್ಸಿಗಿರ್ಲಿ ಅಣ್ಣಾ. ವೈನಿಗಿ ಟಿಕೇಟಿಲ್ಲ, ನಿನಗದ. ಬರೋ ಮಿರಗದಾಗ ಹೊಲಕ್ಕ ಬಾ.’