ಸ್ವಯಂಭಾಷ್ಯ ಮೀಮಾಂಸೆ

ಸೂತ್ರ ಒಬ್ಬರದು, ಭಾಷ್ಯ ಇನ್ನೊಬ್ಬರದು, ಭಾಷ್ಯಕ್ಕೆ ಟೀಕೆ ಮತ್ತೊಬ್ಬರದು, ಆ ಟೀಕೆಯೂ ತಿಳಿಯದವರಿಗೆ ಟಿಪ್ಪಣಿ ಮಗದೊಬ್ಬರದು. ನಮ್ಮ ಶಾಸ್ತ್ರಗಳು ಬೆಳೆದದ್ದು ಹೀಗೆ. ವೆಬ್ ಎಪಿಐ ಎಂಬ ನವೀನ ಶಾಸ್ತ್ರದಲ್ಲೂ ಬಹುಕಾಲ ಇದೇ ಪದ್ಧತಿ ನಡೆದುಬಂತು. ಕೋಡ್ ಬರೆದವನು ಡಾಕ್ಯುಮೆಂಟ್ ಬರೆಯುತ್ತಿರಲಿಲ್ಲ, ಡಾಕ್ಯುಮೆಂಟ್ ಬರೆದವನು ಕೋಡ್ ಓದಿರುತ್ತಿರಲಿಲ್ಲ, ಇಬ್ಬರನ್ನೂ ನಂಬಿ ಕೆಲಸಕ್ಕಿಳಿದವನು ರಾತ್ರಿ ಮನೆಗೆ ಹೋಗುತ್ತಿರಲಿಲ್ಲ.

ಈ ಶಾಸ್ತ್ರದ ಆದಿಗುರು ರಾಯ್ ಫೀಲ್ಡಿಂಗ್. 2000ದಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದ ಐದನೇ ಅಧ್ಯಾಯದಲ್ಲಿ ಅವರು 'ರೆಸ್ಟ್' ಮತವನ್ನು ಪ್ರತಿಪಾದಿಸಿದರು. ಅಂದಿನಿಂದ ಲೋಕದ ಎಪಿಐಗಳೆಲ್ಲ ತಮ್ಮನ್ನು ರೆಸ್ಟ್‌ಫುಲ್ ಎಂದು ಕರೆದುಕೊಂಡವು. 2008ರಲ್ಲಿ ಗುರುಗಳೇ ಬೇಸತ್ತು, ಹೈಪರ್‌ಟೆಕ್ಸ್ಟ್ ಕೊಂಡಿಗಳನ್ನು ಹಿಡಿದು ನಡೆಯದ ಎಪಿಐಗೆ ಆ ಹೆಸರು ಸಲ್ಲದು ಎಂದು ಬರೆದರು. ಶಿಷ್ಯರು ಆ ಮಾತನ್ನು ಪರಮ ಗೌರವದಿಂದ ಕಡೆಗಣಿಸಿದರು.

ಮುಂದೆ ಟೋನಿ ಟ್ಯಾಮ್ ಎಂಬವರು ವರ್ಡ್‌ನಿಕ್ ಎಂಬ ನಿಘಂಟು ಕಂಪನಿಯಲ್ಲಿದ್ದುಕೊಂಡು 'ಸ್ವಾಗರ್' ಎಂಬ ಭಾಷ್ಯಕ್ರಮವನ್ನು ರೂಪಿಸಿದರು. 2016ರಲ್ಲಿ ಅದಕ್ಕೆ 'ಓಪನ್ಎಪಿಐ' ಎಂದು ಮರುನಾಮಕರಣವಾಯಿತು. ಬೆಂಗಳೂರಿನ ಆಫೀಸುಗಳಲ್ಲಿ ಮಾತ್ರ ಇಂದಿಗೂ "ಸ್ವಾಗರ್ ಲಿಂಕ್ ಕಳ್ಸು ಗುರು" ಎಂಬ ಪಾಠಾಂತರವೇ ಪ್ರಚಲಿತ. ಈ ಸಂಪ್ರದಾಯದ ಪ್ರಮಾಣಗ್ರಂಥ 'ಪೆಟ್‌ಸ್ಟೋರ್', ಅಂದರೆ ಸಾಕುಪ್ರಾಣಿಗಳ ಅಂಗಡಿ. ಅದರ ನಾಯಕ 'ಡಾಗಿ' ಎಂಬ ನಾಯಿ. ಅದಕ್ಕೆ ಲಭ್ಯ, ಪೆಂಡಿಂಗ್, ಮಾರಾಟವಾಗಿದೆ ಎಂದು ಮೂರೇ ಅವಸ್ಥೆಗಳು. ಪೆಂಡಿಂಗ್ ಇರುವಷ್ಟು ಕಾಲ ನಾಯಿಗೆ ಅನ್ನ ಹಾಕುವವರು ಯಾರು ಎಂಬ ಬಗ್ಗೆ ಗ್ರಂಥ ಮೌನ ವಹಿಸುತ್ತದೆ.

ಈ ಹಿನ್ನೆಲೆಯಲ್ಲಿ 2018ರ ಕೊನೆಗೆ ಕೊಲಂಬಿಯಾದ ಸೆಬಾಸ್ಟಿಯನ್ ರಮಿರೆಜ್ ಫಾಸ್ಟ್ಎಪಿಐ ಎಂಬ ಪೈಥಾನ್ ಫ್ರೇಮ್‌ವರ್ಕನ್ನು ಹೊರತಂದರು. ಕೋಡ್‌ನಿಂದಲೇ ದಾಖಲೆ ತೆಗೆಯುವ ಯತ್ನ ಮೊದಲೂ ನಡೆದಿತ್ತು. ಇದರಲ್ಲಾದರೋ ಕೇಳದಿದ್ದರೂ ಭಾಷ್ಯ ತಾನಾಗಿ ಹುಟ್ಟುತ್ತದೆ. ಫಂಕ್ಷನ್‌ಗೆ ಬರುವ ಪ್ರತಿಯೊಂದಕ್ಕೂ ಇದು ಅಂಕಿ, ಇದು ಅಕ್ಷರ ಎಂದು ಟೈಪ್ ನಮೂದಿಸಿದರಾಯಿತು, ಸರ್ವರ್ ವಿಳಾಸದ ಮುಂದೆ 'ಡಾಕ್ಸ್' ಎಂದು ಸೇರಿಸುತ್ತಲೇ ಸಚಿತ್ರ, ಸವರ್ಣ ಭಾಷ್ಯ ತೆರೆದುಕೊಳ್ಳುತ್ತದೆ. ಇದನ್ನು ನಾವು ಸ್ವಯಂಭಾಷ್ಯ ಎಂದು ಕರೆಯುತ್ತೇವೆ.

ಸ್ವಯಂಭಾಷ್ಯದ ಶೈಲಿಯನ್ನು ತುಸು ಹತ್ತಿರದಿಂದ ನೋಡಬೇಕು. ಫಂಕ್ಷನ್‌ಗೆ 'ಗೆಟ್ ಅಂಡರ್‌ಸ್ಕೋರ್ ಡೇಟಾ' ಎಂದು ಹೆಸರಿಟ್ಟು ಸುಮ್ಮನಾದರೆ, ಫ್ರೇಮ್‌ವರ್ಕ್ ಅಂಡರ್‌ಸ್ಕೋರ್ ತೆಗೆದು, ಮೊದಲಕ್ಷರಗಳನ್ನು ದೊಡ್ಡದು ಮಾಡಿ 'ಗೆಟ್ ಡೇಟಾ' ಎಂಬ ಶೀರ್ಷಿಕೆ ಕಟ್ಟುತ್ತದೆ. ಪೂರ್ವಪಕ್ಷ: ಗೆಟ್ ಡೇಟಾ ಏನು ಮಾಡುತ್ತದೆ? ಸಿದ್ಧಾಂತ: ಡೇಟಾ ಗೆಟ್ ಮಾಡುತ್ತದೆ. ಇತಿ. ಕೆಳಗಿನ ಉದಾಹರಣೆಯಲ್ಲಿ ಗ್ರಾಹಕನ ಹೆಸರು 'ಸ್ಟ್ರಿಂಗ್', ಊರು 'ಸ್ಟ್ರಿಂಗ್', ಬೀದಿ 'ಸ್ಟ್ರಿಂಗ್', ವಯಸ್ಸು ಸೊನ್ನೆ. ಹುಟ್ಟಿದ ಸಮಯ ಕೇಳಿದ್ದರೆ ಅಲ್ಲಿ ಈ ಕ್ಷಣದ ಗಂಟೆ ನಿಮಿಷ. ನಾಮರೂಪಗಳೆಲ್ಲ ಕರಗಿ ಸ್ಟ್ರಿಂಗ್ ಒಂದೇ ಸತ್ಯವಾಗಿ ಉಳಿಯುವ ಈ ದರ್ಶನಕ್ಕೆ ಅದ್ವೈತಿಗಳು ಇನ್ನೂ ಪ್ರತಿಕ್ರಿಯಿಸಿಲ್ಲ.

ಆತ್ಮಜಿಜ್ಞಾಸೆಗೂ ಇಲ್ಲಿ ಸ್ಥಾನವಿದೆ. 'ಯೂಸರ್ಸ್' ಮುಂದೆ 'ಮೀ' ಎಂದು ಬರೆದು ಕಳಿಸಿದರೆ 'ನಾನು ಯಾರು' ಎಂದು ಕೇಳಿದಂತೆ. ಆದರೆ ಫಾಸ್ಟ್ಎಪಿಐ ದಾರಿಗಳನ್ನು ಬರೆದ ಕ್ರಮದಲ್ಲೇ ಹುಡುಕುತ್ತದೆ. 'ಯೂಸರ್ಸ್ ಮುಂದೆ ಯಾವುದಾದರೂ ಅಂಕಿ' ಎಂಬ ದಾರಿಯನ್ನು ಮೊದಲು ಬರೆದಿಟ್ಟಿದ್ದರೆ, ಸಾಧಕನಿಗೆ 422 ಎಂಬ ದೋಷಸಂಖ್ಯೆಯೊಡನೆ ಸಿಗುವ ಉತ್ತರದ ತಾತ್ಪರ್ಯ ಇಷ್ಟೇ: ನೀನು ಪೂರ್ಣಾಂಕವಲ್ಲ. ಇಷ್ಟು ನೇರವಾದ ಉತ್ತರ ಉಪನಿಷತ್ತುಗಳಲ್ಲೂ ದುರ್ಲಭ.

422ನ್ನು ಹಳಿಯುವವರುಂಟು. ನಮ್ಮ ಮತದಲ್ಲಿ ಅದು ಪ್ರಾಮಾಣಿಕ ದೋಷ. ಎಲ್ಲಿ ತಪ್ಪಿತು, ಏನು ತಪ್ಪಿತು ಎಂದು ಬೆರಳಿಟ್ಟು ತೋರಿಸುತ್ತದೆ. ಖಂಡನಾರ್ಹವಾದದ್ದು 200 ಸಂಪ್ರದಾಯ. ಏನೇ ಮುರಿದುಬಿದ್ದರೂ ಇವರು ಹೊರಗೆ '200, ಎಲ್ಲ ಸರಿ' ಎಂದು ಕಳಿಸಿ, ಒಳಗೆ 'ಸ್ಟೇಟಸ್: ಫೇಲ್ಡ್' ಎಂದು ಬರೆಯುತ್ತಾರೆ. ಮೇಲೆ ಥಳುಕು, ಒಳಗೆ ಹುಳುಕು. ಇನ್ನೊಂದು ಕಲಹ, ಫಾಸ್ಟ್ಎಪಿಐ ಪರವಾಗಿ ಟೈಪ್‌ಗಳನ್ನು ಪರೀಕ್ಷಿಸುವ ಪೈಡ್ಯಾಂಟಿಕ್ ಮತದೊಳಗಿನದು. ಫೋನ್ ನಂಬರನ್ನು ಅಕ್ಷರವಾಗಿ ಕೇಳಿದಾಗ ಅಂಕಿಯಾಗಿ ಕಳಿಸಿದರೂ ಹಳಬರು ನಡೆಯಲಿ ಬಿಡಿ ಎನ್ನುತ್ತಿದ್ದರು. 2023ರಲ್ಲಿ ಬಂದ ಎರಡನೇ ಆವೃತ್ತಿ ಅದನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಮಡಿವಂತಿಕೆ ಅತಿಯಾಯಿತು ಎಂಬ ದೂರಿದೆ. ಲೇಖಕರು ಮಡಿವಂತರ ಕಡೆ.

ಹಾಗಾದರೆ ಸ್ವಯಂಭಾಷ್ಯದಲ್ಲಿ ಕೊರತೆಯೇ ಇಲ್ಲವೇ? ಇದೆ. 'ಅಮೌಂಟ್: ಪೂರ್ಣಾಂಕ, ಕಡ್ಡಾಯ' ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಇದರಲ್ಲಿ ಸುಳ್ಳಿಲ್ಲ. ಆದರೆ ಅದು ರೂಪಾಯಿಯೋ ಪೈಸೆಯೋ? ಹಣ ಪಾವತಿಯ ಎಪಿಐಗಳಲ್ಲಿ ಮೊತ್ತವನ್ನು ಪೈಸೆಯಲ್ಲಿ ಕೇಳುವ ರೂಢಿಯಿದೆ. ಅಲ್ಲಿ 500 ಎಂದರೆ ಐದೇ ರೂಪಾಯಿ. ಎರಡೂ ಪೂರ್ಣಾಂಕವೇ ಆದ್ದರಿಂದ 422 ಬರುವುದಿಲ್ಲ. ಭಾಷ್ಯ ಹಸಿರು ಬಣ್ಣದಲ್ಲಿ ನಗುತ್ತದೆ, ಲೆಕ್ಕ ತಿಂಗಳ ಕೊನೆಗೆ ಅಳುತ್ತದೆ.

ಇಂಥ ಅರ್ಥಗಳು ಉಳಿದುಬಂದಿರುವುದು ಶ್ರುತಿ ಪರಂಪರೆಯಲ್ಲಿ. ಪಕ್ಕದ ಸೀಟಿನ ಸೀನಿಯರ್ ಹೆಡ್‌ಫೋನ್ ತೆಗೆದು "ಅಯ್ಯೋ, ಅದು ಪೈಸೇಲಿ ಕಳಿಸ್ಬೇಕು ಮಾರಾಯ, ನಿಂಗ್ಯಾರೂ ಹೇಳ್ಲಿಲ್ವಾ?" ಎನ್ನುವುದೇ ಉಪದೇಶ. ಆತ ರಾಜೀನಾಮೆ ಕೊಟ್ಟರೆ ನೋಟಿಸ್ ಪೀರಿಯಡ್‌ನಲ್ಲಿ 'ಕೆ.ಟಿ.', ಅಂದರೆ ನಾಲೆಜ್ ಟ್ರಾನ್ಸ್‌ಫರ್, ಎಂಬ ಸಂಸ್ಕಾರ ನಡೆಯುತ್ತದೆ. ಅಲ್ಲಿ ಗುರು ಸ್ಕ್ರೀನ್ ಷೇರ್ ಮಾಡಿ ಅದೇ ಡಾಕ್ಸ್ ಪುಟವನ್ನು ಮೇಲಿಂದ ಕೆಳಗೆ ಸರಿಸುತ್ತಾ ಹೋಗುತ್ತಾನೆ. ಶಿಷ್ಯ ಕ್ಯಾಮೆರಾ ಆಫ್ ಮಾಡಿ ಹೂಂಗುಟ್ಟುತ್ತಾನೆ.

ಇಷ್ಟಕ್ಕೂ ಪರಿಹಾರ ಗ್ರಂಥದೊಳಗೇ ಇದೆ. ಪ್ರತಿ ಫೀಲ್ಡ್‌ಗೂ 'ಡಿಸ್ಕ್ರಿಪ್ಷನ್' ಎಂಬ ಖಾಲಿ ಜಾಗವನ್ನು ಫ್ರೇಮ್‌ವರ್ಕ್ ಬಿಟ್ಟುಕೊಟ್ಟಿದೆ, ಕನ್ನಡದಲ್ಲಿ ಬರೆದರೂ ತಕರಾರಿಲ್ಲದೆ ತೋರಿಸುತ್ತದೆ. ಆದ್ದರಿಂದ ವಿದ್ವಜ್ಜನರಲ್ಲಿ ನಮ್ಮ ವಿನಂತಿ: ಮುಂದಿನ ಡಿಪ್ಲಾಯ್‌ಮೆಂಟ್‌ಗೆ ಮೊದಲು, ಬೇರೇನೂ ಬರೆಯದಿದ್ದರೂ ಪರವಾಗಿಲ್ಲ, ರೂಪಾಯಿಯೋ ಪೈಸೆಯೋ ಅಷ್ಟನ್ನು ಬರೆದುಬಿಡಿ.